ಊರ ಪಕ್ಕದಲ್ಲೇ ನಾಲ್ಕು ದಿನ ನಡೆಯೋದು ಯಾಕಿಷ್ಟು ಕಷ್ಟ?

ಬೀಚನಹಳ್ಳಿಯಿಂದ ನಂಜನಗೂಡಿಗೆ ಬ್ಯಾಗು ಹೊತ್ಕೊಂಡು ನಾಲ್ಕು ದಿನ ನಡ್ಕೊಂಡು ಹೋಗ್ತೀವಿ ಅಂದಾಗ ನನ್ನಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಬಸ್ಸೇ ಫ್ರೀ ಬುಟ್ಟವ್ರೆ, ನೀನ್ಯಾಕವ್ವ ನಡ್ಕಂಡ್ ಸಾಯ್ತೀಯ?"

ನ್ಯಾಯವಾದ ಪ್ರಶ್ನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರ ಹೆಂಗಸರಿಗೆ ಓಡಾಟ ಸಲೀಸಾಗಿದೆ. ನನಗೂ ಇಬ್ಬರು ಗೆಳತಿಯರಿಗೂ ಆಗ ಹೇಳೋಕೆ ಉತ್ತರ ಇರಲಿಲ್ಲ. ಚಾರಣ ಅಂದ್ರೆ ಪಶ್ಚಿಮ ಘಟ್ಟಕ್ಕೇ ಹೋಗಬೇಕಾ, ಮನೆ ಬಾಗಿಲಿಂದ ಶುರು ಮಾಡಬಾರದಾ ಅನ್ನೋ ಹಟ ಮಾತ್ರ ಇತ್ತು. ಕಳೆದ ಏಪ್ರಿಲ್‌ನಲ್ಲಿ ಹೊರಡೋಕೆ ಮುಂಚೆ ಪಟ್ಟಿ ಬರೆಯುತ್ತಾ ಕೂತಾಗ ಗೊತ್ತಾಯಿತು: ಕಾಲ್ನಡಿಗೆಯವರಿಗೆ ಯಾವ ಜಾಗ ತೆರೆದಿದೆ, ಯಾವುದು ಮುಚ್ಚಿದೆ ಅನ್ನೋದೇ ಈ ಯೋಜನೆಯ ಮುಕ್ಕಾಲು ಪಾಲು ಕೆಲಸ.

ಕಾಡು ಯಾಕೆ ಬೇಡ

ಬೀಚನಹಳ್ಳಿ ಹತ್ತಿರದ ಕಬಿನಿ ಅಣೆಕಟ್ಟು 1974ರದ್ದು. ಅದರ ಹಿನ್ನೀರಿಗೆ ನಾಗರಹೊಳೆ, ಬಂಡೀಪುರ ಎರಡೂ ಅಂಟಿಕೊಂಡಿವೆ. ಮೊದಲು ಆಸೆಪಟ್ಟಿದ್ದು ಆ ಕಡೆಗೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ. ಬೇಸಿಗೆಯಲ್ಲಂತೂ ಕೇಳಲೂಬಾರದು. ಎಲೆ ಉದುರಿದ ಕಾಡಿಗೆ ಒಂದು ಬೀಡಿ ಸಾಕು. ನೀರು ಇಳಿದು ಹುಲ್ಲು ಚಿಗುರುವ ಹಿನ್ನೀರಿನ ದಡಕ್ಕೆ ಆನೆಗಳು ಹಿಂಡುಹಿಂಡಾಗಿ ಬರೋದೂ ಇದೇ ಕಾಲದಲ್ಲಿ.

ಈ ನಿಯಮ ನನಗೆ ಒಪ್ಪಿಗೆ. ಆದರೆ ಅದು ಎಲ್ಲರಿಗೂ ಒಂದೇ ಥರ ಇಲ್ಲ. ದುಡ್ಡಿದ್ದವರಿಗೆ ಜೀಪಿನ ಸಫಾರಿ ಇದೆ. ಅದೇ ಕಾಡಿನ ಕಾಲುದಾರಿಗಳನ್ನೆಲ್ಲ ಬಲ್ಲ ಜೇನು ಕುರುಬರನ್ನು ದಶಕಗಳ ಕಾಲ ಹೊರಗೆ ಹಾಕಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದು ಇಷ್ಟು ವರ್ಷವಾದರೂ, 2025ರ ಮೇನಲ್ಲಿ ಸುಮಾರು ಐವತ್ತು ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿಗೆ ತಾವಾಗಿಯೇ ಮರಳಿ ಗುಡಿಸಲು ಹಾಕಬೇಕಾಯಿತು. ರಜೆ ಕಳೆಯೋಕೆ ಹೊರಟ ನನಗಿಂತ ಅವರ ಹಕ್ಕು ಮೊದಲು. ಹಾಗಾಗಿ ನಾವು ಕಾಡಿಗೆ ಬೆನ್ನು ಹಾಕಿ, ಕಪಿಲೆ ಹರಿಯುವ ದಿಕ್ಕಿಗೆ ನಡೆಯೋದು ಅಂತ ತೀರ್ಮಾನಿಸಿದೆವು. ಬೀಚನಹಳ್ಳಿ, ಸರಗೂರು, ಹುಲ್ಲಹಳ್ಳಿ, ನಂಜನಗೂಡು: ಹೆಚ್ಚುಕಮ್ಮಿ ಐವತ್ತು ಕಿಲೋಮೀಟರ್.

ಬಿಸಿಲು ಹೇಳೋದು ಒಂದು, ಹುಲಿ ಹೇಳೋದು ಇನ್ನೊಂದು

ಬೇಸಿಗೆ ನಡಿಗೆಗೆ ಎಲ್ಲರೂ ಕೊಡುವ ಸಲಹೆ: ನಸುಕಿಗೆ ಹೊರಡಿ, ಹತ್ತಕ್ಕೆ ನೆರಳು ಸೇರಿ, ಸಂಜೆ ಮತ್ತೆ ನಡೆಯಿರಿ. ಕಾಡಂಚಿನಲ್ಲಿ ಈ ಸಲಹೆ ಅಪಾಯ. ಯಾಕಂದ್ರೆ ಆನೆ, ಹುಲಿ ಓಡಾಡುವ ಹೊತ್ತೂ ಅದೇ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ತಾಲ್ಲೂಕಿನಲ್ಲಿ ರೈತರು ಹುಲಿ ದಾಳಿಗೆ ಬಲಿಯಾದ ಮೇಲೆ ಸರ್ಕಾರ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ನಮಗೆ ಇದು ನಾಲ್ಕು ದಿನದ ಲೆಕ್ಕಾಚಾರ. ಹೊಲಕ್ಕೆ ಹೋಗುವವರಿಗೆ ದಿನಾ ಇದೇ ಪಾಡು.

ನಾವು ಮಾಡಿದ್ದಿಷ್ಟು. ಮೊದಲ ದಿನ ಚೆನ್ನಾಗಿ ಬೆಳಕಾದ ಮೇಲೆ ಹೊರಟು, ಜನ ಓಡಾಡುವ ಡಾಂಬರು ರಸ್ತೆಯಲ್ಲೇ ಸರಗೂರು ಸೇರಿದೆವು. ಅಲ್ಲಿಂದ ಕೆಳಗೆ, ಊರಿನವರನ್ನು ಕೇಳಿಕೊಂಡು, ಐದೂವರೆಗೆ ಹೊರಡಲು ಶುರು ಮಾಡಿದೆವು. ಹೊಳೆ ಮರಳಿನ ಮೇಲೆ ಮಲಗೋ ಆಸೆ ಬಿಟ್ಟುಬಿಡಿ. ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತೆ, ಮೊಸಳೆಗಳೂ ಇವೆ.

ಬ್ಯಾಗಿನಲ್ಲಿ ಏನಿರಬೇಕು

ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ದಿನಕ್ಕೆ ನಾಲ್ಕೈದು ಲೀಟರ್ ಬೇಕು, ಆದರೆ ಅಷ್ಟನ್ನೂ ಹೊರಬೇಕಿಲ್ಲ. ಮೂರು ಹೊತ್ತು, ಉಳಿದದ್ದನ್ನು ದಾರಿಯ ಊರುಗಳಲ್ಲಿ ತುಂಬಿಸಿಕೊಂಡೆವು. ಎಲ್ಲ ಸೇರಿ ಬ್ಯಾಗು ಏಳು ಕೆಜಿ ದಾಟದಿದ್ದರೆ ಒಳ್ಳೇದು: ರಾಗಿ ಹುರಿಹಿಟ್ಟು, ಬೆಲ್ಲ, ಓಆರ್‌ಎಸ್, ಹತ್ತಿಯ ಎರಡು ಜೊತೆ ಬಟ್ಟೆ, ಒಂದು ಬೆಡ್‌ಶೀಟು, ಟೋಪಿ, ಟಾರ್ಚು. ಜೊತೆಗೆ ಐದು ರೂಪಾಯಿ ನಾಣ್ಯಗಳು, ಶುದ್ಧ ನೀರಿನ ಘಟಕಕ್ಕೆ.

ಒಂದೂರಿನ ಘಟಕದಲ್ಲಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬಂತು, ನಮ್ಮ ಬಾಟಲಿಗಳಿಗೆ ಅರ್ಧವೂ ಹಿಡಿಸಲಿಲ್ಲ. ಮಿಕ್ಕಿದ್ದನ್ನು ಕ್ಯಾನ್ ಹಿಡಿದು ಹಿಂದೆ ನಿಂತಿದ್ದ ಅಕ್ಕನಿಗೆ ಬಿಟ್ಟೆವು. ಇನ್ನೊಂದೂರಿನ ಘಟಕ ಕೆಟ್ಟು ಬೀಗ ಹಾಕಿತ್ತು. ಅಲ್ಲಿ ಮಜ್ಜಿಗೆ ಕೊಟ್ಟು ಕಾಪಾಡಿದ್ದು ಒಬ್ಬ ಅಂಗಡಿಯವರು.

ರಾತ್ರಿ ಎಲ್ಲಿ?

ಪಟ್ಟಿಯಲ್ಲಿ ಕೊನೇವರೆಗೂ ಬಗೆಹರಿಯದೆ ಉಳಿದದ್ದು ಇದು. ಮೂವರು ಹುಡುಗಿಯರು ಬಯಲಲ್ಲಿ ಟೆಂಟು ಹಾಕೋದು ಆಗದ ಮಾತು. ಮೊದಲೇ ಹೋಗಿ ಕೇಳಿದರೆ ಶಾಲೆಯ ಜಗಲಿ ಸಿಗುತ್ತೆ, ದೇವಸ್ಥಾನದ ಪಡಸಾಲೆಯೂ ಸಿಗುತ್ತೆ. ಆದರೆ ಸಂಜೆ ಮೇಲೆ ಶಾಲೆಯ ಶೌಚಾಲಯಕ್ಕೆ ಬೀಗ. ಎರಡನೇ ರಾತ್ರಿ ನಾವು ಸರಿಯಾಗಿ ನೀರೇ ಕುಡಿಯಲಿಲ್ಲ, ರಾತ್ರಿ ಎದ್ದು ಎಲ್ಲಿಗೆ ಹೋಗೋದು ಅಂತ. ಬೆಳಗ್ಗೆ ಗೆಳತಿಗೆ ತಲೆ ಸುತ್ತು ಬಂತು. ಅವಳನ್ನು ಬಸ್ಸು ಹತ್ತಿಸಿದೆವು. ಟಿಕೆಟ್ ಶಕ್ತಿಯದ್ದೇ. ಅವಳು ಹುಲ್ಲಹಳ್ಳಿಯಲ್ಲಿ ನಮಗಾಗಿ ಕಾದಳು. ಯಾವ ದಿನ ಎಲ್ಲಿಂದ ಬಸ್ಸು ಸಿಗುತ್ತೆ ಅಂತ ನೀವೂ ಬರೆದಿಟ್ಟುಕೊಳ್ಳಿ. ಸಾಕು ಅನಿಸಿದಾಗ ವಾಪಸ್ ಹೋಗೋದು ಸೋಲಲ್ಲ.

ನಾಲ್ಕನೇ ದಿನ ನಂಜನಗೂಡು ಮುಟ್ಟಿ, ಮೈಸೂರಿಗೆ ರೈಲು ಹತ್ತಿದೆವು. ಮನೆಗೆ ಹೋಗಿ ದಾರಿ ವಿವರಿಸುತ್ತಿದ್ದಾಗ ಅಜ್ಜಿ ನಡುವೆ ಬಾಯಿ ಹಾಕಿದರು: "ಆ ಗುಂಡುತೋಪು ಇನ್ನೂ ಅದಾ? ಜಾತ್ರೆಗೆ ಹೋಗೋವಾಗ ನಾವು ಅಲ್ಲೇ ಬುತ್ತಿ ಬಿಚ್ತಿದ್ದೋ."

ಅಂದ್ರೆ ಅವರೂ ನಡೆದಿದ್ದಾರೆ. ಅವರ ಕಾಲಕ್ಕೆ ಗುಂಡುತೋಪು, ಅರವಟ್ಟಿಗೆ, ಛತ್ರ ಇದ್ದವು. ಜಾತಿ ನೋಡಿ ನೀರು ಕೊಡುತ್ತಿದ್ದ ಕಾಲವೂ ಅದೇ, ಅದನ್ನು ಮರೆತು ಹೊಗಳಬೇಕಿಲ್ಲ. ಇವತ್ತು ಆ ಕೆಲಸವನ್ನು ಯಾರ ಜಾತಿಯನ್ನೂ ಕೇಳದೆ ಮಾಡಬೇಕಾದ್ದು ಪಂಚಾಯಿತಿ. ನಮ್ಮ ಮುಂದಿನ ನಡಿಗೆಯ ತಯಾರಿ ಗ್ರಾಮಸಭೆಯಿಂದಲೇ ಶುರು. ಕೇಳೋದು ಮೂರೇ: ತೋಪು ಒತ್ತುವರಿ ಆಗಬಾರದು, ನೀರಿನ ಘಟಕ ಓಡಬೇಕು, ರಾತ್ರಿಯೂ ತೆರೆದಿರುವ ಒಂದು ಶೌಚಾಲಯ ಬೇಕು. ಕೂಲಿ ಮುಗಿಸಿ ಬಸ್ಸಿಗೆ ಕಾಯುವ ಹೆಂಗಸರಿಗೂ ಬೇಕಾಗಿರೋದು ಇವೇ ಮೂರು.