ಕಲ್ಲು ಸುರಿದರೆ ಕಡಲು ನಿಲ್ಲುತ್ತದೆಯೇ?

ಕಡಲ್ಕೊರೆತಕ್ಕೆ ಕಲ್ಲಿನ ಗೋಡೆಯೇ ಮದ್ದು ಎಂಬ ನಂಬಿಕೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿಯಲ್ಲಿ ಆಳವಾಗಿ ಬೇರೂರಿದೆ. ಮಳೆಗಾಲದಲ್ಲಿ ತೆಂಗಿನ ಮರಗಳು ಉರುಳುತ್ತವೆ, ಊರವರು ಕಲ್ಲು ಕೇಳುತ್ತಾರೆ, ಟಿಪ್ಪರ್‌ಗಳು ಬಂಡೆ ಸುರಿದು ಹೋಗುತ್ತವೆ. ಕೆಲವು ವರ್ಷಗಳಲ್ಲಿ ಆ ಬಂಡೆಗಳು ಹೊಯ್ಗೆಯಲ್ಲಿ ಹೂತು ಕೆಳಗಿಳಿಯುತ್ತವೆ, ಬೇಡಿಕೆ ಮತ್ತೆ ಏಳುತ್ತದೆ. ಕಲ್ಲು ಸಾಲಲಿಲ್ಲ ಎನ್ನುತ್ತಾರೆಯೇ ಹೊರತು, ಇದು ಕಲ್ಲಿನಿಂದ ಆಗುವ ಕೆಲಸವೇ ಎಂದು ಕೇಳುವವರು ವಿರಳ.

ದಂಡೆಯನ್ನು ಕಾಯುವುದು ಮರಳು. ಮುಂಗಾರಿನ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ಕೂರಿಸುತ್ತವೆ. ಆಮೇಲೆ ಬರುವ ದೊಡ್ಡ ಅಲೆಗಳು ಆ ದಿಬ್ಬದ ಮೇಲೆಯೇ ಒಡೆದು ಬಲ ಕಳೆದುಕೊಳ್ಳುತ್ತವೆ. ಮಳೆ ನಿಂತು ಕಡಲು ಶಾಂತವಾದಾಗ ಅದೇ ಮರಳಿನ ಬಹುಪಾಲು ದಡಕ್ಕೆ ಹಿಂದಿರುಗುತ್ತದೆ. ಜುಲೈ ತಿಂಗಳಲ್ಲಿ ಕಂಡ ಕೊರೆತದಲ್ಲಿ ಒಂದಷ್ಟು ಹೀಗೆ ತಾನಾಗಿ ತುಂಬಿಕೊಳ್ಳುವಂಥದ್ದು. ಗೋಡೆ ಕೆಡಿಸುವುದು ಈ ವ್ಯವಸ್ಥೆಯನ್ನೇ. ಇಳಿಜಾರಾದ ದಂಡೆ ಅಲೆಯ ರಭಸವನ್ನು ಹೀರಿಕೊಳ್ಳುತ್ತದೆ, ಗೋಡೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದಿರುಗುವ ನೀರು ಗೋಡೆಯ ಬುಡದ ಮರಳನ್ನು ಕೆರೆಯುತ್ತದೆ, ಬುಡ ಸಡಿಲಾಗಿ ಬಂಡೆ ಕುಸಿಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಹೆಚ್ಚುವುದರಿಂದ ಒಂದು ಊರಿನ ಕಷ್ಟ ಪಕ್ಕದ ಊರಿಗೆ ದಾಟುತ್ತದೆ. ನಾಡದೋಣಿ ಎಳೆದಿಡಲು, ಕೈರಂಪಣಿ ಬಲೆ ಹಾಕಲು, ಮೀನು ಒಣಗಿಸಲು ಜಾಗವೂ ಇಲ್ಲವಾಗುತ್ತದೆ. ಮೀನುಗಾರರಿಗೆ ಇದು ಸಣ್ಣ ನಷ್ಟವಲ್ಲ.

ಕೊರೆತದ ಮೂಲ ಹಲವೆಡೆ ಕಡಲಿನಲ್ಲಿ ಇರುವುದೂ ಇಲ್ಲ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ, ಸೀತಾ ಮತ್ತು ಸುವರ್ಣಾ ಕೋಡಿಬೆಂಗ್ರೆಯ ಬಳಿ. ದಂಡೆಗೆ ಹೊಸ ಮರಳು ಬರುವುದು ಇಂಥ ಹೊಳೆಗಳಿಂದ. ಹೊಳೆಯಲ್ಲೇ ಮರಳು ತೆಗೆದರೆ, ಅಣೆಕಟ್ಟಿನ ಹಿಂದೆ ಅದು ನಿಂತರೆ, ದಂಡೆಯ ಪಾಲು ಕಡಿಮೆಯಾಗುತ್ತದೆ. ಬಂದರಿಗಾಗಿ ಕಟ್ಟಿದ ಬ್ರೇಕ್‌ವಾಟರ್ ತೀರದುದ್ದಕ್ಕೂ ಸಾಗುವ ಮರಳನ್ನು ತಡೆದಾಗ ಒಂದು ಬದಿಯಲ್ಲಿ ದಂಡೆ ಬೆಳೆಯುತ್ತದೆ, ಇನ್ನೊಂದು ಬದಿಯಲ್ಲಿ ಸವೆಯುತ್ತದೆ.

ಮರವಂತೆಯ ಸ್ಥಿತಿ ಬೇರೆ. ಅಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹಿಂದೆ ಸರಿಯಲು ಎಡೆಯಿಲ್ಲದ ಇಂಥ ಕಡೆ ಕಲ್ಲಿನ ಕಾಮಗಾರಿ ಅನಿವಾರ್ಯ. ಆದರೆ ಅಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಗ್ರೋಯಿನ್‌ಗಳನ್ನು ಕಟ್ಟಲಾಯಿತು. ಕಡಲಿನೊಳಕ್ಕೆ ಚಾಚಿಕೊಂಡು, ಎರಡರ ನಡುವೆ ಮರಳು ನಿಲ್ಲುವಂತೆ ಮಾಡುವ ಕಲ್ಲಿನ ತೋಳುಗಳಿವು. ಕಲ್ಲು ಅಲ್ಲಿಯೂ ದುಡಿಯುವುದು ಮರಳನ್ನು ಹಿಡಿದಿಡುವುದಕ್ಕೆ.

ದೇಶದ ಯೋಜನೆಯೂ ಗೋಡೆಯನ್ನು ಎಲ್ಲದಕ್ಕೂ ಉತ್ತರ ಎಂದು ಕಾಣುವುದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರದ ಜತೆಗೆ ಅಪಾಯ ತಗ್ಗಿಸುವುದನ್ನೂ ಸರ್ಕಾರಗಳ ಹೊಣೆಯಾಗಿಸಿತು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ನ್ನು ಇದಕ್ಕಾಗಿಯೇ ಮೀಸಲಿಟ್ಟಿತು. ಈ ಹಣ ಊರಮಟ್ಟದ, ಜನರೇ ಪಾಲ್ಗೊಳ್ಳುವ ಕೆಲಸಗಳಿಗೆ ಎಂದ ಆಯೋಗ, ಕಡಲ ಗೋಡೆಯಂಥ ದೊಡ್ಡ ಕಾಮಗಾರಿಗಳಿಗೆ ಸಾಮಾನ್ಯ ಅಭಿವೃದ್ಧಿ ಯೋಜನೆಗಳಿಂದಲೇ ದುಡ್ಡು ಹುಡುಕಬೇಕು ಎಂದೂ ಸ್ಪಷ್ಟವಾಗಿ ಹೇಳಿತು. ಕೊರೆತ ತಡೆಗೆ ರಾಷ್ಟ್ರಮಟ್ಟದಲ್ಲಿ ಬೇರೆಯಾಗಿ 1,500 ಕೋಟಿ, ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಕೆಲವೆಡೆ ಜನರು ಸುರಕ್ಷಿತ ಜಾಗಕ್ಕೆ ಹೋಗುವುದೇ ಸರಿ ಎಂಬುದನ್ನು ಒಪ್ಪಿಕೊಂಡ ಮಾತಿದು.

ಕಣ್ಣಿಗೆ ಕಾಣುವ ಬಂಡೆಯನ್ನು ನಂಬುವುದು ಸುಲಭ. ಕಾಣದ ಮರಳಿನ ಲೆಕ್ಕ ಕೇಳಲು ತಾಳ್ಮೆ ಬೇಕು. ಇಂಥ ಆತುರದ ನಂಬಿಕೆ ಕಡಲ್ಕೊರೆತಕ್ಕಷ್ಟೇ ಸೀಮಿತವಲ್ಲ. ತೂಫಾನು ಪೂರ್ವ ಕರಾವಳಿಯ ಪಾಡು ಎನ್ನುವವರು ಈಗಲೂ ಇದ್ದಾರೆ. ಆದರೆ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗುಜರಾತಿನಲ್ಲಿ ದಡ ಮುಟ್ಟುವ ಮೊದಲೇ ಇಲ್ಲಿನ ದಂಡೆಗಳನ್ನು ಕೊರೆದಿತ್ತು. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂದು ನಂಬುವವರೂ ಇದ್ದಾರೆ. ಅದು ಸೆಳೆಯುವುದಿಲ್ಲ, ಬಯಲಿನಲ್ಲಿ ಅಥವಾ ಒಂಟಿ ಮರದಡಿ ನಿಲ್ಲುವುದೇ ಅಪಾಯ. ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಎಂದಷ್ಟೇ ತಿಳಿಯುವುದು ಇವೆಲ್ಲಕ್ಕಿಂತ ಅಪಾಯಕಾರಿ: ಮಳೆಯ ರೆಡ್ ಅಲರ್ಟ್, 24 ಗಂಟೆಗಳಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಸಾಧ್ಯತೆಯಿದೆ, ಕೂಡಲೇ ಕ್ರಮಕ್ಕಿಳಿಯಿರಿ ಎಂಬ ಸೂಚನೆ.

ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಮಳೆಗಾಲದ ಮೊದಲೂ ಅನಂತರವೂ ದಂಡೆಯ ಅಗಲ ಅಳೆಯುವುದು, ಅಳಿವೆಗಳಲ್ಲಿ ಕಾಂಡ್ಲಾ ಕಾಡು ಉಳಿಸುವುದು, ಮರಳಿನ ದಿಬ್ಬ ಹಿಡಿದಿಡುವ ಬಳ್ಳಿಗಳನ್ನು ಕೀಳದಿರುವುದು, ತುರ್ತಿನಲ್ಲಿ ಯಾವ ಮನೆಯವರು ಯಾವ ದಾರಿಯಲ್ಲಿ ಯಾವ ಶಾಲೆಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡುವುದು ಇವೆಲ್ಲ ಆ ಯೋಜನೆಯೊಳಗೆ ಬರಬೇಕಾದ ಕೆಲಸಗಳು. ಗ್ರಾಮಸಭೆಯಲ್ಲಿ ಕಲ್ಲಿನ ಲೋಡುಗಳನ್ನು ಕೇಳುವವರು ಮೊದಲು ಕೇಳಬೇಕಾದದ್ದು ಈ ಯೋಜನೆಯ ಪ್ರತಿಯನ್ನು.