ಒಂದೇ ವಲಯ, ಮೂರು ಬಗೆಯ ನೆಲ

ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳನ್ನಾಗಿ ವಿಂಗಡಿಸಿದಾಗ ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳು ಈಶಾನ್ಯ ಒಣ ವಲಯಕ್ಕೆ ಸೇರಿದವು. ನೆರೆಯ ಲಿಂಗಸುಗೂರು, ಸಿಂಧನೂರು ಉತ್ತರ ಒಣ ವಲಯಕ್ಕೆ ಹೋದವು. ಮಳೆಯ ಲೆಕ್ಕಕ್ಕೆ ಈ ಹಂಚಿಕೆ ಸರಿಯೇ. ಆದರೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ ಒಂದು ದಿನ ಬಸ್ಸಿನಲ್ಲಿ ತಿರುಗಿದರೂ ಸಾಕು, ಒಂದೇ ಹೆಸರಿನ ಕೆಳಗೆ ಮೂರು ಬಗೆಯ ನಿಸರ್ಗ ಇರುವುದು ಕಣ್ಣಿಗೆ ಬೀಳುತ್ತದೆ. ಬಂಡೆಗುಡ್ಡದ ಕುರುಚಲು ಕಾಡು ಒಂದು, ಮರವಿಲ್ಲದ ಎರೆಬಯಲು ಇನ್ನೊಂದು, ಹೊಳೆದಂಡೆ ಮೂರನೆಯದು. ಒಂದರಲ್ಲಿ ಫಲ ಕೊಟ್ಟ ಬೇಸಾಯ ಇನ್ನೊಂದರಲ್ಲಿ ನೆಲವನ್ನೇ ಕೆಡಿಸಬಹುದು. ಕಾಲುವೆ ನೀರು ಬಂದ ಮೇಲಂತೂ ಈ ವ್ಯತ್ಯಾಸವನ್ನು ಮರೆತವರೇ ಹೆಚ್ಚು.

ಬಂಡೆಗುಡ್ಡದ ಸೀಮೆ

ರಾಯಚೂರು ನಗರಕ್ಕೆ ಬಂದವರಿಗೆ ಮೊದಲು ಕಾಣುವುದು ಕೋಟೆಯ ಗುಡ್ಡ. 1294ರಲ್ಲಿ ಕೋಟೆ ಕಟ್ಟಿದಾಗ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನಲ್ಲಿ ಶಾಸನ ಬರೆಸಿ ಗೋಡೆಗೆ ಇಟ್ಟರು. ಕೋಣಗಳ ಸಾಲು ಕಟ್ಟಿ ಬಂಡಿಯ ಮೇಲೆ ಆ ಕಲ್ಲನ್ನು ಎಳೆದು ತಂದ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಅಂಥ ಕಲ್ಲೇ ಈ ಸೀಮೆಯ ಬುನಾದಿ. ದೇವದುರ್ಗದ ಕಡೆಗೆ ಹೋದಂತೆ ಅದು ನೆಲದ ಮೇಲೆಯೇ ಎದ್ದು ಕಾಣುತ್ತದೆ.

ಬಂಡೆಯ ಸಂದಿನಲ್ಲಿ, ಬುಡದ ತೆಳುವಾದ ಕೆಂಪು ಮಸಾರಿಯಲ್ಲಿ ಜಾಲಿ, ಬಾರಿ, ತಂಗಡಿ, ಸೀತಾಫಲ, ಮುತ್ತಲ ಬೆಳೆಯುತ್ತವೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ನಿಲ್ಲುವ ಈ ಗಿಡಗಳು ಮೊದಲ ಮಳೆಗೆ ಚಿಗುರುತ್ತವೆ. ಕಂದಾಯ ದಾಖಲೆಗಳಲ್ಲಿ ಇಂಥ ನೆಲವನ್ನು ಬರಡು, ಖಾರಬು ಎಂದು ಬರೆದಿರುತ್ತದೆ. ಕುರಿಗಾರರನ್ನು ಕೇಳಿದರೆ ಬೇರೆ ಮಾತು ಬರುತ್ತದೆ. ಕೆಂದು ಬಣ್ಣದ ಕೆಂಗುರಿ ಕುರಿ ರಾಯಚೂರು ಜಿಲ್ಲೆಯ ಗುಡ್ಡಗಾಡಿನಲ್ಲಿಯೇ ಬೆಳೆದುಬಂದ ತಳಿ. ಅದಕ್ಕೆ ಮೇವು ಕೊಟ್ಟದ್ದು ಈ ಬರಡೇ.

ಇನ್ನೊಂದು ಲಾಭವೂ ಉಂಟು. ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಕೆಳಗಿಳಿಯುತ್ತದೆ. ಬುಡದಲ್ಲಿ ಕುರುಚಲು ಗಿಡ, ಹುಲ್ಲು ಇದ್ದರೆ ಆ ನೀರು ತಡೆದು ಕೆರೆ, ಬಾವಿಗೆ ಇಂಗುತ್ತದೆ. ಬೋಳಾಗಿದ್ದರೆ ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗ ತಾಲ್ಲೂಕಿಗೆ ಬಂದ ಮೇಲೆ ಗುಡ್ಡದಂಚಿನ ಮಸಾರಿಯನ್ನೂ ಸಮ ಮಾಡಿ ನೆಲ್ಲು ಹಚ್ಚುವ ಆಸೆ ಬೆಳೆದಿದೆ. ಮಸಾರಿಯಲ್ಲಿ ನೀರು ನಿಲ್ಲುವುದಿಲ್ಲ. ಎಷ್ಟು ಕಟ್ಟಿದರೂ ಇಂಗಿ ಕೆಳಗಿನ ಹೊಲಕ್ಕೆ ಬಸಿಯುತ್ತದೆ. ಅಲ್ಲಿ ಶೇಂಗಾ, ಸಜ್ಜೆ, ತೊಗರಿಯೇ ಸರಿ. ಗುಡ್ಡದ ಬುಡದ ಒಂದು ಪಟ್ಟಿಯನ್ನಂತೂ ಹರಗದೆ ಹಾಗೆಯೇ ಬಿಡಬೇಕು.

ಎರೆಬಯಲು

ಮಾನ್ವಿಯ ಕಡೆ ನೋಟ ಬದಲಾಗುತ್ತದೆ. ಕಣ್ಣು ಹರಿಯುವಷ್ಟು ದೂರ ಕಪ್ಪು ನೆಲ. ನಡುವೆ ಒಂದು ಬನ್ನಿ, ಒಂದು ಬೇವು, ಬದುವಿನಲ್ಲಿ ಕರಿಜಾಲಿ. ಇಲ್ಲಿ ಮರ ವಿರಳವಾಗಿರುವುದಕ್ಕೆ ತಲೆಮಾರುಗಳ ಉಳುಮೆಯೊಂದೇ ಕಾರಣವಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರುಕು ಬಿಟ್ಟಾಗ ಎಳೆಯ ಗಿಡದ ಬೇರು ಹರಿದುಹೋಗುತ್ತದೆ. ಇಂಥ ನೆಲದಲ್ಲಿ ಹುಲ್ಲಿಗೇ ಅನುಕೂಲ ಹೆಚ್ಚು.

ಆ ಹುಲ್ಲುಬಯಲಿನ ಹಕ್ಕಿ ಎರೆಭೂತ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ, ಮಿಡತೆ ತಿಂದು ಬೆಳೆಗೆ ಉಪಕಾರ ಮಾಡುವ ಈ ದೊಡ್ಡ ಹಕ್ಕಿ ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡದ್ದು ತುಂಗಭದ್ರೆಯ ಆಚೆಯ ಸಿರುಗುಪ್ಪ ಸೀಮೆಯಲ್ಲಿ, ಅದೂ ಬೆರಳೆಣಿಕೆಯಷ್ಟು. ಬಯಲು ಹೋದರೆ ಅದಕ್ಕೆ ಬೇರೆ ಮನೆಯಿಲ್ಲ.

ಮಾನ್ವಿ ಸೀಮೆಯ ಹಿರಿಯರು ಎರೆಯ ಗುಣವನ್ನು ಚೆನ್ನಾಗಿ ಅರಿತಿದ್ದರು. ಮುಂಗಾರಿನಲ್ಲಿ ಹೊಲ ಹರಗಿ ಬಿಟ್ಟು, ಸೆಪ್ಟೆಂಬರಿನ ದೊಡ್ಡ ಮಳೆ ಕುಡಿಸಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಿದ್ದರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಬೆಳೆ ಬರುತ್ತಿದ್ದುದು ನೆಲದೊಳಗೆ ಕೂಡಿಟ್ಟ ತೇವದಿಂದ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ನೆಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಹಗುರ ನೀರಾವರಿಯನ್ನೇ ಗೊತ್ತು ಮಾಡಿದ್ದರು. ಭತ್ತಕ್ಕೆ ಮೀಸಲಾದ ನೆಲ ಸ್ವಲ್ಪ. ಆದದ್ದು ಬೇರೆ. ಮೇಲ್ಭಾಗದಲ್ಲಿ ಭತ್ತವೇ ಹರಡಿತು. ಕಾಲುವೆಯ ಕೊನೆಯ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರು ನೀರಿಗಾಗಿ ಕಾಯುವಂತಾಯಿತು. ಭತ್ತ ಬೆಳೆದವರಿಗೆ ಹಣ ಬಂದದ್ದು ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎರೆಯಲ್ಲಿ ನೀರು ಬೇಗ ಬಸಿಯದು. ವರ್ಷಗಟ್ಟಲೆ ನಿಲ್ಲಿಸಿದರೆ ಅಡಿಯ ನೀರು ಮೇಲೇರಿ, ಜೊತೆಗೆ ಉಪ್ಪನ್ನೂ ತರುತ್ತದೆ. ತಗ್ಗಿನ ಹೊಲಗಳು ಮೊದಲು ಜವಳಾಗಿ ಆಮೇಲೆ ಸವಳಾಗುವುದು ಹೀಗೆ.

ಹೊಲದಲ್ಲಿ ಬೇಸಿಗೆಯಲ್ಲೂ ತೇವ ಆರದಿದ್ದರೆ, ಜೇಕು ಹಬ್ಬಿದರೆ, ಬಿಳಿ ಪುಡಿ ಕಂಡರೆ ತಡಮಾಡದೆ ಮಣ್ಣು ಪರೀಕ್ಷೆ ಮಾಡಿಸಬೇಕು. ಉಪ್ಪು ಹೆಚ್ಚಾಗಿದ್ದರೆ ಬಸಿಗಾಲುವೆ ತೋಡಿ ತೊಳೆಯುವುದೇ ದಾರಿ. ಕ್ಷಾರ ಹೆಚ್ಚಾಗಿದ್ದರೆ ಜಿಪ್ಸಂ ಬೇಕು. ಎಷ್ಟು ಎಂಬುದನ್ನು ಪರೀಕ್ಷೆಯ ವರದಿಯೇ ಹೇಳುತ್ತದೆ. ಡಯಂಚ ಬೆಳೆಸಿ ಹೂಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು ಎರಡಕ್ಕೂ ಒಳ್ಳೆಯದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲದ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಒಬ್ಬರೇ ಬಸಿಗಾಲುವೆ ತೋಡಿದರೆ ನೀರು ಪಕ್ಕದವರ ಹೊಲಕ್ಕೆ ನುಗ್ಗಿ ಜಗಳವಾಗುತ್ತದೆ. ಹಳ್ಳದವರೆಗಿನ ಹೊಲದವರೆಲ್ಲ ಕೂಡಿ ಮಾಡಬೇಕಾದ ಕೆಲಸವಿದು.

ಹೊಳೆದಂಡೆ

ಹೊಳೆದಂಡೆಯ ಪಟ್ಟಿ ಕಿರಿದು. ಹೊಂಗೆ, ಹೊಳೆಮತ್ತಿ, ನೇರಳೆ, ಲಕ್ಕಿ ಬೆಳೆಯುವ ಜಾಗ. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳೂ ಉಂಟು, ಪಂಪ್‌ಸೆಟ್ಟಿಗೆ ಇಳಿಯುವವರು ಎಚ್ಚರದಿಂದಿರಬೇಕು. ದಂಡೆಯ ಲಕ್ಕಿ ಪೊದೆಯನ್ನು ಕಡಿದು ಒಂದೆರಡು ಸಾಲು ಹೆಚ್ಚು ಬಿತ್ತಿದವರ ಹೊಲವನ್ನು ಪ್ರವಾಹ ಸುಲಭವಾಗಿ ಕೊರೆಯುತ್ತದೆ.

ಬಳ್ಳಾರಿ ಜಾಲಿ

ಮೂರೂ ಕಡೆ ಒಂದೇ ಆಗಿ ನುಗ್ಗಿರುವುದು ಬಳ್ಳಾರಿ ಜಾಲಿ. ಹೊರದೇಶದಿಂದ ತಂದ ಈ ಗಿಡದ ಎಲೆಯನ್ನು ದನ ತಿನ್ನುವುದಿಲ್ಲ. ಕಾಯಿಯನ್ನು ಕುರಿ, ಆಡು ಇಷ್ಟಪಟ್ಟು ತಿಂದು ಬೀಜವನ್ನು ಹಿಕ್ಕೆಯಲ್ಲಿ ಹೊಲಹೊಲಕ್ಕೆ ಹಂಚುತ್ತವೆ. ಉರುವಲಿಗೆ, ಇದ್ದಲಿಗೆ ಇದನ್ನೇ ನಂಬಿದ ಬಡವರಿದ್ದಾರೆ; ಒಂದೇ ಸಲಕ್ಕೆ ಕಿತ್ತು ಹಾಕಿ ಎನ್ನುವುದು ನ್ಯಾಯವಲ್ಲ. ಗೋಮಾಳದ ಒಂದೊಂದು ಮೂಲೆಯಿಂದ ಶುರುಮಾಡಬಹುದು. ಕಾಯಿ ಬಲಿಯುವ ಮೊದಲೇ ಕಡಿಯಬೇಕು. ಮೇಲೆ ಕಡಿದರೆ ಮತ್ತೆ ಒಡೆಯುತ್ತದೆಯಾದ್ದರಿಂದ ಬುಡವನ್ನು ಬೇರುಸಮೇತ ಅಗೆಯಬೇಕು. ಖಾಲಿಯಾದ ಜಾಗಕ್ಕೆ ಮಳೆಗಾಲದಲ್ಲಿ ಎರೆಯಾದರೆ ಬನ್ನಿ, ಕರಿಜಾಲಿ, ಮಸಾರಿಯಾದರೆ ಬಾರಿ, ಸೀತಾಫಲ ಹಚ್ಚಿ, ಎರಡು ಮೂರು ವರ್ಷ ಮುಳ್ಳುಬೇಲಿ ಕಟ್ಟಿ ಆಡುಗಳಿಂದ ಕಾಯಬೇಕು. ಬೇಲಿಗೆ ಮುಳ್ಳು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕಡಿದ ಜಾಲಿಯೇ ಅಲ್ಲಿರುತ್ತದೆ.