ಪ್ರಾಥಮಿಕ ಶಾಲೆಯ ಕಂಪ್ಯೂಟರು: ಯಾವ ತರಗತಿಗೆ, ಯಾವ ಹೊತ್ತಿಗೆ?

ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಸರ್ಕಾರಿ ಶಾಲೆಗೆ ಕಂಪ್ಯೂಟರು ಬರಲು ಇಲಾಖೆಯ ಯೋಜನೆಗಳಲ್ಲದೆ ಇನ್ನೊಂದು ದಾರಿಯೂ ಇದೆ. ಅದು ಸಿಎಸ್‌ಆರ್ ನಿಧಿ; ಅಂದರೆ 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು, ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಟ್ಟು, ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕಾದ ಹಣ. ಕೊಡುವವರಿಗೂ ಪಡೆಯುವವರಿಗೂ ಕಂಪ್ಯೂಟರು ಅಚ್ಚುಮೆಚ್ಚು. ಟೇಪು ಕತ್ತರಿಸಿ ಫೋಟೊ ತೆಗೆಸಿಕೊಳ್ಳಲು ಅದು ಶೌಚಾಲಯಕ್ಕಿಂತ ಅನುಕೂಲವೆಂಬುದೂ ನಿಜ. ಅದರಿಂದ ಚಿಕ್ಕ ಮಕ್ಕಳ ಕಲಿಕೆಗೆ ಏನು ದಕ್ಕುತ್ತದೆ ಎಂಬುದು ಮಾತ್ರ ಬಹುಮಟ್ಟಿಗೆ ಶಾಲೆಯ ವೇಳಾಪಟ್ಟಿಯನ್ನು ಅವಲಂಬಿಸಿದೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. 2000ದ ದಶಕದ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ರಾಜ್ಯ ಸರ್ಕಾರದ ಜೊತೆಗೂಡಿ, ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕೆಯನ್ನು, ಎಂದರೆ ಪಾಠವನ್ನು ಆಟದ ರೂಪದ ತಂತ್ರಾಂಶದ ಮೂಲಕ ಅಭ್ಯಾಸ ಮಾಡಿಸುವ ಕ್ರಮವನ್ನು ಆರಂಭಿಸಿ, ಕನ್ನಡದಲ್ಲಿಯೂ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಮಕ್ಕಳಿಗೆ ಉತ್ಸಾಹವೇನೋ ಬಂದಿತು. ಆದರೆ ಅದೇ ಸಂಸ್ಥೆಯ ಮುಖ್ಯಸ್ಥರಲ್ಲಿ ಒಬ್ಬರಾದ ಅನುರಾಗ್ ಬೆಹರ್ 2010ರಲ್ಲಿ, ಶಿಕ್ಷಣದ ಮೂಲ ಸಮಸ್ಯೆಗಳಿಗೆ ತಂತ್ರಜ್ಞಾನ ಪರಿಹಾರವಾಗದು ಎಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ದಾನಿ ಸಂಸ್ಥೆಗಳಲ್ಲಿ ಇಂತಹ ನೇರನುಡಿ ಅಪರೂಪ.

ಹಾಗೆಂದು ಕಂಪ್ಯೂಟರು ನಿಷ್ಪ್ರಯೋಜಕವಲ್ಲ. ಗುಜರಾತಿನ ವಡೋದರದಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದರಂತೆ ಕಂಪ್ಯೂಟರಿನ ಮುಂದೆ ಕುಳಿತು ತಮ್ಮ ಮಟ್ಟಕ್ಕೆ ಹೊಂದುವ ಲೆಕ್ಕದ ಆಟಗಳನ್ನಾಡಿದಾಗ ಅವರ ಗಣಿತ ಗಮನಾರ್ಹವಾಗಿ ಸುಧಾರಿಸಿತೆಂದೂ, ಕಾರ್ಯಕ್ರಮ ನಿಂತ ಒಂದು ವರ್ಷದಲ್ಲಿ ಆ ಲಾಭದ ಬಹುಪಾಲು ಕರಗಿತೆಂದೂ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅದೇ ತಂಡದ ಲೀ ಲಿಂಡೆನ್ ಗುಜರಾತಿನಲ್ಲಿಯೇ ನಡೆಸಿದ ಮತ್ತೊಂದು ಅಧ್ಯಯನದಲ್ಲಿ, ಶಿಕ್ಷಕರ ಪಾಠದ ಅವಧಿಯನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟಲ್ಲಿ ಮಕ್ಕಳು ಹಿಂದೆ ಬಿದ್ದರು. ಶಾಲೆಯ ಅವಧಿಯ ಆಚೆ ಹೆಚ್ಚುವರಿಯಾಗಿ ಬಳಸಿದಲ್ಲಿ, ಅದರಲ್ಲಿಯೂ ಹಿಂದುಳಿದ ಮಕ್ಕಳು, ಮುಂದೆ ಬಂದರು. ಪಾಠದ ಹೊತ್ತನ್ನು ನುಂಗದೆ ಅಭ್ಯಾಸದ ಹೊತ್ತನ್ನು ಹೆಚ್ಚಿಸಿದರೆ ಮಾತ್ರ ಯಂತ್ರ ಸಾರ್ಥಕ.

ಭಾಷಾಕಲಿಕೆಯಲ್ಲಿ ಲಾಭನಷ್ಟಗಳು ಇನ್ನಷ್ಟು ಹೆಣೆದುಕೊಂಡಿವೆ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ‘ಕ್ಕ’ ಬರೆಯಬೇಕಾದರೆ ‘ಕ’ ಒತ್ತಿ, ಎಫ್ ಕೀಲಿಯಿಂದ ಅದನ್ನು ಅರ್ಧಾಕ್ಷರವಾಗಿಸಿ, ಮತ್ತೆ ‘ಕ’ ಒತ್ತಬೇಕು. ಒತ್ತಕ್ಷರವೆಂದರೆ ನಡುವೆ ಸ್ವರವಿಲ್ಲದೆ ಕೂಡಿದ ಎರಡು ವ್ಯಂಜನಗಳೆಂಬುದು ಐದನೆಯ ತರಗತಿಯ ಮಗುವಿಗೆ ಬೆರಳ ತುದಿಯಲ್ಲಿಯೇ ತಿಳಿಯುತ್ತದೆ. ಆದರೆ ಅಕ್ಷರವನ್ನು ಇನ್ನೂ ತಿದ್ದುತ್ತಿರುವ ಒಂದನೆಯ ತರಗತಿಯ ಮಗುವಿಗೆ ‘ಕ’ದ ತಲೆಕಟ್ಟು, ಸುಳಿ, ತಿರುವುಗಳು ಕೈಗೆ ಕೂಡಿಬರಬೇಕು, ಕೀಲಿಮಣೆ ಆ ದುಡಿಮೆಯನ್ನೇ ತಪ್ಪಿಸುತ್ತದೆ. 2009-10ರಿಂದ ರಾಜ್ಯದಾದ್ಯಂತ ಕೆಳಗಿನ ತರಗತಿಗಳಿಗೆ ಬಂದ ನಲಿಕಲಿ ಪದ್ಧತಿಯಲ್ಲಿ ಮಗು ಕಾರ್ಡು ಆರಿಸಿ, ಗುಂಪಿನಲ್ಲಿ ಕುಳಿತು, ತನ್ನ ವೇಗದಲ್ಲಿ ಸಾಗುವುದರಿಂದ ಆ ವಯಸ್ಸಿಗೆ ಕಂಪ್ಯೂಟರು ಹೊಸದಾಗಿ ಕೊಡುವಂಥದ್ದು ಹೆಚ್ಚೇನಿಲ್ಲ. ಒಂದು ಮೌಸಿಗೆ ನಾಲ್ವರು ಮಕ್ಕಳು ಮುಗಿಬಿದ್ದಾಗ ಮೌಸು ಹಿಡಿದವನು ಕಲಿಯುತ್ತಾನೆ, ಉಳಿದ ಮೂವರು ನೋಡುತ್ತಾರೆ ಎಂಬುದನ್ನೂ ಮರೆಯಬಾರದು.

ಉಳಿದ ತೊಡಕುಗಳು ಎಲ್ಲರಿಗೂ ಗೊತ್ತಿರುವಂಥವೇ. ಕರೆಂಟು ಕೈಕೊಡುತ್ತದೆ, ಯುಪಿಎಸ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ, ಇರುವ ಯಂತ್ರ ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಜಾಲತಾಣದ ಕಚೇರಿ ಕೆಲಸಕ್ಕೆ ಮೀಸಲಾಗುತ್ತದೆ.

ಆದ್ದರಿಂದ ಕಂಪ್ಯೂಟರು ಕೊಡಲು ಬಂದ ಕಂಪನಿಯನ್ನು ಶಾಲಾಭಿವೃದ್ಧಿ ಸಮಿತಿಯು, ಅಂದರೆ ಎಸ್‌ಡಿಎಂಸಿಯು, ಐದು ವರ್ಷಗಳ ದುರಸ್ತಿ, ಹೊಸ ಬ್ಯಾಟರಿ, ಕನ್ನಡದ ತಂತ್ರಾಂಶ ಮತ್ತು ಶಿಕ್ಷಕರ ತರಬೇತಿಯ ವೆಚ್ಚವನ್ನೂ ಲಿಖಿತವಾಗಿ ಕೇಳಬೇಕು. ಯಂತ್ರಗಳನ್ನು ನಾಲ್ಕು, ಐದನೆಯ ತರಗತಿಗಳಿಗೆ, ಪಾಠ ಮುಗಿದ ನಂತರದ ಅವಧಿಗೆ ಇಟ್ಟುಕೊಳ್ಳಬೇಕು. ಅಷ್ಟಕ್ಕೆ ಒಪ್ಪದ ದಾನಿಯಿಂದ ಗ್ರಂಥಾಲಯಕ್ಕೆ ಪುಸ್ತಕ ಪಡೆಯುವುದೇ ಮೇಲು.